ಕುಮಾರ ಪರ್ವತ, ಮಧ್ಯಾಹ್ನ ಒಂದು ಗಂಟೆ: ಎಂಟು ಗೆಳೆಯರ ಚಾರಣದ ಪ್ರಕರಣ ಅಧ್ಯಯನ

ಡಿಸೆಂಬರಿನ ಒಂದು ಶನಿವಾರ ಕುಕ್ಕೆ ಸುಬ್ರಹ್ಮಣ್ಯದಿಂದ ಕುಮಾರ ಪರ್ವತಕ್ಕೆ ಹೊರಟ ನಮ್ಮ ಎಂಟು ಮಂದಿಯ ಗುಂಪು ಶಿಖರ ಮುಟ್ಟದೆ, ಶೇಷ ಪರ್ವತದ ನೆತ್ತಿಯ ಕೆಳಗಿನಿಂದಲೇ ಹಿಂದಿರುಗಿತು. ಏರುದಾರಿಯಲ್ಲಿ ಒಬ್ಬ ಗೆಳೆಯ ಕುಸಿದು ಕುಳಿತಿದ್ದ. ಮುಕ್ಕಾಲು ಗಂಟೆಯಲ್ಲಿ ಸುಧಾರಿಸಿಕೊಂಡ, ತನ್ನ ಕಾಲ ಮೇಲೆಯೇ ಇಳಿದ, ಯಾರಿಗೂ ಪೆಟ್ಟಾಗಲಿಲ್ಲ. ಪತ್ರಿಕೆಯಲ್ಲಿ ಎರಡು ಸಾಲಿನ ಸುದ್ದಿಯೂ ಆಗದ ಘಟನೆ ಇದು.

ಆದರೂ ಇದನ್ನು ವಿವರವಾಗಿ ಬರೆದಿಡಬೇಕು ಅನ್ನಿಸಿತು. ಬೆಟ್ಟದಲ್ಲಿ ಯಾರಾದರೂ ದಾರಿ ತಪ್ಪಿದರೆ, ಬಿದ್ದರೆ, ಪ್ರಾಣ ಕಳೆದುಕೊಂಡರೆ ಮಾತ್ರ ನಾವು ಕಾರಣ ಹುಡುಕುತ್ತೇವೆ. ಆಗ ಕೇಳಬೇಕಾದವರು ಉತ್ತರಿಸುವ ಸ್ಥಿತಿಯಲ್ಲಿ ಇರುವುದಿಲ್ಲ. ನಮ್ಮ ವಿಷಯದಲ್ಲಿ ಎಂಟೂ ಮಂದಿ ಮಾತನಾಡಲು ಸಿಕ್ಕರು, ಎಂಟೂ ಮೊಬೈಲುಗಳಲ್ಲಿ ಫೋಟೋಗಳಿದ್ದವು, ಪ್ರತಿ ಫೋಟೋದ ಜೊತೆಗೆ ಗಂಟೆ–ನಿಮಿಷವೂ ದಾಖಲಾಗಿತ್ತು. ಅವನ್ನೆಲ್ಲ ಒಂದೇ ಸಾಲಿನಲ್ಲಿ ಜೋಡಿಸಿದಾಗ ಯಾರು, ಎಲ್ಲಿ, ಎಷ್ಟು ಹೊತ್ತಿಗೆ ಇದ್ದರು ಎಂಬುದು ಸ್ಪಷ್ಟವಾಯಿತು. ನಮ್ಮ ಗೆಳೆಯ ಕುಸಿದದ್ದಕ್ಕೆ ಅವನ ದೇಹಶಕ್ತಿಗಿಂತ ಗುಂಪು ನಡೆದ ರೀತಿಯೇ ದೊಡ್ಡ ಕಾರಣ ಎಂದು ನಾನು ನಂಬುವುದು ಆ ಸಾಲಿನ ಆಧಾರದ ಮೇಲೆ.

ಬೆಟ್ಟ ಮತ್ತು ಗಡಿಯಾರ

ಕುಮಾರ ಪರ್ವತ 1712 ಮೀಟರ್ ಎತ್ತರದ ಶಿಖರ. ಕೊಡಗಿನವರು ಇದನ್ನು ಪುಷ್ಪಗಿರಿ ಎನ್ನುತ್ತಾರೆ. ಕೊಡಗಿನಲ್ಲಿ ಇದಕ್ಕಿಂತ ಎತ್ತರವಿರುವುದು ತಡಿಯಂಡಮೋಳ್ ಮಾತ್ರ. ಸುತ್ತಲಿನ ಪುಷ್ಪಗಿರಿ ವನ್ಯಜೀವಿ ಧಾಮ 2012ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಪಶ್ಚಿಮ ಘಟ್ಟಗಳ ತಾಣಗಳಲ್ಲಿ ಒಂದು. ತಾರಕಾಸುರನನ್ನು ಕೊಂದ ಕುಮಾರಸ್ವಾಮಿ ತನ್ನ ಆಯುಧವನ್ನು ತೊಳೆದ ನೀರೇ ಕುಮಾರಧಾರೆ ಎಂಬ ಕಥೆ ಕುಕ್ಕೆಗೆ ಬಂದವರಿಗೆಲ್ಲ ಗೊತ್ತು. ಊರಿಂದ ನೋಡುವಾಗ ದೇವಸ್ಥಾನದ ಬೆನ್ನಿಗೆ ಹೆಡೆ ಎತ್ತಿ ನಿಂತಂತೆ ಕಾಣುವುದು ಶೇಷ ಪರ್ವತ. ಕುಮಾರ ಪರ್ವತ ಅದರ ಹಿಂದೆ ಇದೆ. ಮೊದಲ ಬಾರಿ ಬಂದವರು ಶೇಷ ಪರ್ವತವನ್ನೇ ತುದಿ ಎಂದುಕೊಂಡು ಹತ್ತಿ, ಅಲ್ಲಿ ನಿಂತಾಗ ಮುಂದೆ ಇನ್ನೊಂದು ಇಳಿತ, ಕಾಡು ಮತ್ತು ಏರು ಉಳಿದಿರುವುದನ್ನು ಕಂಡು ಕಂಗಾಲಾಗುವುದುಂಟು.

ಈ ಬೆಟ್ಟವನ್ನು ಕಷ್ಟ ಮಾಡುವುದು ಅದರ ತುದಿಯ ಎತ್ತರಕ್ಕಿಂತ ಬುಡದ ತಗ್ಗು. ಕುಕ್ಕೆ ಸಮುದ್ರಮಟ್ಟದಿಂದ ಸುಮಾರು 120 ಮೀಟರ್ ಮೇಲಿದೆ. ಮುಳ್ಳಯ್ಯನಗಿರಿ 1930 ಮೀಟರ್ ಎತ್ತರವಿದ್ದರೂ ಅಲ್ಲಿ ಶಿಖರದ ಹತ್ತಿರದವರೆಗೆ ವಾಹನ ಹೋಗುತ್ತದೆ. ಕುಕ್ಕೆಯ ಕಡೆಯಿಂದ ಕುಮಾರ ಪರ್ವತ ಹತ್ತುವವನು ಸುಮಾರು 1600 ಮೀಟರ್ ಏರನ್ನು ಕಾಲಿನಿಂದಲೇ ಸಂಪಾದಿಸಬೇಕು, ಅದೇ ದಿನ ಅಷ್ಟನ್ನೂ ಇಳಿಯಬೇಕು. ಮೇಲೆ ಡೇರೆ ಹೂಡಲು ಅನುಮತಿಯಿಲ್ಲ.

ಹೊರಡುವ ಮೊದಲು ನಾವು ಲೆಕ್ಕ ಹಾಕಿದ್ದು ಹಳೆಯದೊಂದು ಸೂತ್ರದಿಂದ. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟದ್ದು: ಮೂರು ಮೈಲಿ, ಅಂದರೆ ಸುಮಾರು 5 ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ದಾರಿ ಒಂದು ಬದಿಗೆ ಸುಮಾರು 13 ಕಿಲೋಮೀಟರ್. ಅದಕ್ಕೆ ಎರಡೂ ಮುಕ್ಕಾಲು ಗಂಟೆಗೆ ಸ್ವಲ್ಪ ಕಡಿಮೆ, 1600 ಮೀಟರ್ ಏರಿಗೆ ಹೆಚ್ಚೂಕಡಿಮೆ ಅಷ್ಟೇ. ಒಟ್ಟು ಐದೂ ಕಾಲು ಗಂಟೆ, ಅದೂ ಎಲ್ಲಿಯೂ ಕೂರದೆ ನಡೆದರೆ. ತಿಂಡಿ, ತಪಾಸಣೆ, ವಿಶ್ರಾಂತಿ ಸೇರಿಸಿದರೆ ಆರೂ ಮುಕ್ಕಾಲು. ಬೆಳಿಗ್ಗೆ ಆರರ ಸುಮಾರಿಗೆ ಕಾಡು ಹೊಕ್ಕರೆ ಮಧ್ಯಾಹ್ನ ಒಂದಕ್ಕೆ ತುದಿ. ಡಿಸೆಂಬರಿನಲ್ಲಿ ಸೂರ್ಯ ಆರರ ಆಸುಪಾಸಿಗೆ ಮುಳುಗುತ್ತಾನೆ. ಇಳಿಯಲು ಐದು ಗಂಟೆ ಇಟ್ಟುಕೊಂಡರೆ ಒಂದು ಗಂಟೆಗೆ ಎಲ್ಲಿದ್ದೇವೋ ಅಲ್ಲಿಂದ ತಿರುಗಲೇಬೇಕು. ಇದನ್ನು ಹೊರಡುವ ಹಿಂದಿನ ವಾರವೇ ಮಾತಾಡಿ ತೀರ್ಮಾನಿಸಿದ್ದೆವು. ಜೊತೆಗೆ ಇನ್ನೊಂದು ಒಪ್ಪಂದ: ದಾರಿಯಲ್ಲಿ ಯಾರನ್ನೂ ಒಬ್ಬಂಟಿಯಾಗಿ ಬಿಡುವಂತಿಲ್ಲ.

ಗುಂಪು

ಎಲ್ಲರೂ ಪದವಿ ಕಾಲೇಜಿನ ಸಹಪಾಠಿಗಳು, ನಲವತ್ತರ ಹೊಸ್ತಿಲಲ್ಲಿರುವವರು. ಈ ಪ್ರಕರಣಕ್ಕೆ ಮುಖ್ಯರಾದವರು ನಾಲ್ವರು. ಒಬ್ಬ ಬ್ಯಾಂಕಿನ ಅಧಿಕಾರಿ. ದಿನವೆಲ್ಲ ಕುರ್ಚಿಯ ಕೆಲಸವಾದರೂ ಎರಡು ತಿಂಗಳಿನಿಂದ ಮೆಟ್ಟಿಲು ಹತ್ತಿ ಇಳಿದು ತಯಾರಿ ನಡೆಸಿದ್ದ. ಇನ್ನೊಬ್ಬ ದೂರದ ಓಟಗಳಲ್ಲಿ ಭಾಗವಹಿಸುವ ಓಟಗಾರ, ಗುಂಪಿನಲ್ಲಿ ಎಲ್ಲರಿಗಿಂತ ಗಟ್ಟಿಗ. ಔಷಧ ಅಂಗಡಿ ನಡೆಸುವ ಗೆಳತಿ ಒಬ್ಬಳು. ಪುತ್ತೂರಿನ ಕೃಷಿಕ ಗೆಳೆಯ ನಾಲ್ಕನೆಯವನು. ಡಿಸೆಂಬರಿನ ನೀಲಿ ಆಕಾಶದ ಕೆಳಗೆ ಉದ್ದ ಕೊಡೆ ಹಿಡಿದು ಬಂದು ಎಲ್ಲರ ಕೀಟಲೆಗೆ ಗುರಿಯಾಗಿದ್ದ.

ಅನುಮತಿಯನ್ನು ಆನ್‌ಲೈನಿನಲ್ಲಿ ಮುಂಗಡವಾಗಿ ಪಡೆದಿದ್ದೆವು. 2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ವಾರಾಂತ್ಯ ಈ ಬೆಟ್ಟದಲ್ಲಿ ಸಾವಿರಾರು ಜನ ಸೇರಿ, ಹುಲ್ಲುಗಾವಲಿನ ಏಣಿನ ಉದ್ದಕ್ಕೂ ಸರತಿ ನಿಂತ ಚಿತ್ರಗಳು ಎಲ್ಲೆಡೆ ಹರಿದಾಡಿದ್ದವು. ಅದರ ಬೆನ್ನಿಗೇ ಸರ್ಕಾರ ಚಾರಣಗಳಿಗೆ ತಡೆ ಹಾಕಿ, ಆನ್‌ಲೈನ್ ನೋಂದಣಿ ಮತ್ತು ದಿನಕ್ಕೆ 300 ಮಂದಿಯ ಮಿತಿಯೊಂದಿಗೆ ಮತ್ತೆ ತೆರೆಯಿತು. ಈ ಮಿತಿಯನ್ನು ಶಪಿಸುವವರನ್ನು ನಾನು ಕಂಡಿದ್ದೇನೆ. ನನಗೆ ಅದು ಬೆಟ್ಟಕ್ಕೂ ಹತ್ತುವವರಿಗೂ ಆದ ಉಪಕಾರ. ಸಾವಿರ ಜನರ ಸಾಲಿನಲ್ಲಿ ಒಬ್ಬ ಕುಸಿದರೆ ಅವನನ್ನು ಪಕ್ಕಕ್ಕೆ ಕೂರಿಸಲು ಜಾಗವೂ ಸಿಗುವುದಿಲ್ಲ.

ಬೆಂಗಳೂರಿನ ಆರು ಮಂದಿ ರಾತ್ರಿ ಬಸ್ಸಿನಲ್ಲಿ ಶಿರಾಡಿ ಘಾಟಿ ಇಳಿದು ನಸುಕಿಗೆ ಕುಕ್ಕೆ ತಲುಪಿದರು. ಪುತ್ತೂರಿನಿಂದ ಇಬ್ಬರು ಮನೆಯಲ್ಲಿ ಮಲಗಿ ಎದ್ದು ಬಂದರು. ಈ ವ್ಯತ್ಯಾಸವನ್ನು ಗಮನದಲ್ಲಿ ಇಟ್ಟುಕೊಳ್ಳಬೇಕು. ಬ್ಯಾಂಕಿನ ಗೆಳೆಯನಿಗೆ ಘಾಟಿಯ ತಿರುವುಗಳಲ್ಲಿ ಹೊಟ್ಟೆ ತೊಳಸಿ, ಎರಡು ಬಾರಿ ವಾಂತಿಯಾಗಿತ್ತು. ಮತ್ತೆ ವಾಂತಿಯಾದೀತೆಂದು ಅವನು ಆ ಬಳಿಕ ನೀರನ್ನೂ ಕುಡಿಯಲಿಲ್ಲ. ಕುಕ್ಕೆಯಲ್ಲಿ ಅರ್ಧ ಲೋಟ ಕಾಫಿ, ಒಂದು ಬಾಳೆಹಣ್ಣು. ಅಷ್ಟರಲ್ಲಿ ಹೊರಟ.

ಏರುದಾರಿಯಲ್ಲಿ ನಡೆದದ್ದು

ಬೆಳಿಗ್ಗೆ 6.10ಕ್ಕೆ ಕಾಡಿನ ಅಂಚು ದಾಟಿದೆವು. ಗಿರಿಗದ್ದೆಯವರೆಗಿನ ಮೊದಲ ಭಾಗ ದಟ್ಟ ಕಾಡು. ಬೇರುಗಳೇ ಮೆಟ್ಟಿಲಾಗಿರುವ ಕಡಿದಾದ ಏರು, ಗಾಳಿಯಾಡದ ಸೆಕೆ. ಬಿಸಿಲಿಲ್ಲ ಎಂಬ ಕಾರಣಕ್ಕೆ ಇಲ್ಲಿ ಯಾರಿಗೂ ಬಾಯಾರಿಕೆಯ ಅರಿವಾಗುವುದಿಲ್ಲ, ಆದರೆ ಬೆವರು ಮಾತ್ರ ಧಾರಾಕಾರ. ಕರಾವಳಿಯ ತೇವದ ಹವೆಯಲ್ಲಿ ಅದು ಆರುವುದೂ ಇಲ್ಲ, ಹಾಗಾಗಿ ಮೈ ತಣಿಯುವುದೂ ಇಲ್ಲ.

ಗುಂಪು ತಾನಾಗಿಯೇ ಎರಡಾಯಿತು. ಓಟಗಾರನ ಜೊತೆ ನಾಲ್ವರು ಮುಂದೆ, ಉಳಿದವರು ಹಿಂದೆ, ಎಲ್ಲರಿಗಿಂತ ಕೊನೆಗೆ ಬ್ಯಾಂಕಿನ ಗೆಳೆಯ ಮತ್ತು ಕೊಡೆಯವನು. ಮುಂದಿನವರು ಹಿಂದಿನವರನ್ನು ಮರೆತಿರಲಿಲ್ಲ. ಒಳ್ಳೆಯ ಗೆಳೆಯರು ಮಾಡುವಂತೆಯೇ ಆಗಾಗ ನಿಂತು ಕಾಯುತ್ತಿದ್ದರು. ತೊಂದರೆ ಇದ್ದದ್ದು ಆ ಕಾಯುವಿಕೆಯಲ್ಲಿ.

ಭೀಮನ ಬಂಡೆಯ ಬಳಿಯ ಫೋಟೋಗಳನ್ನೇ ನೋಡಿ. ಮುಂದಿನ ತಂಡದ ಮೊದಲ ಫೋಟೋ 7.25ಕ್ಕೆ. ಬಂಡೆಯ ಮೇಲೆ ಒರಗಿದ್ದಾರೆ, ಶೂ ಬಿಚ್ಚಿದ್ದಾರೆ, ಚಕ್ಕುಲಿಯ ಡಬ್ಬಿ ತೆರೆದಿದೆ. ಬ್ಯಾಂಕಿನ ಗೆಳೆಯ ಕಾಣಿಸುವ ಮೊದಲ ಫೋಟೋ 7.41ಕ್ಕೆ. ಅವನು ನಿಂತಿದ್ದಾನೆ, ಬೆನ್ನಚೀಲ ಬೆನ್ನ ಮೇಲೆಯೇ ಇದೆ. 7.43ರ ಫೋಟೋದಲ್ಲಿ ಮುಂದಿನವರ ಬೆನ್ನುಗಳು ಮತ್ತೆ ಕಾಡಿನೊಳಗೆ. ಮುಂದಿನವರಿಗೆ ಹದಿನೆಂಟು ನಿಮಿಷ ವಿಶ್ರಾಂತಿ, ಕೊನೆಯವನಿಗೆ ಎರಡು ನಿಮಿಷ. ಕೊನೆಯವನು ಬಂದನೆಂದರೆ ಎಲ್ಲರೂ ಸೇರಿದಂತಾಯಿತು, ಇನ್ನು ಹೊರಡೋಣ ಎಂಬುದು ಎಲ್ಲ ಗುಂಪುಗಳ ರೂಢಿ. ಕೊನೆಯವನೂ ತನ್ನಿಂದ ತಡವಾಗುತ್ತಿದೆ ಎಂಬ ಸಂಕೋಚದಲ್ಲಿ, ಕೂರುತ್ತೇನೆ ಎನ್ನದೆ ಹೊರಟುಬಿಡುತ್ತಾನೆ. ಹೀಗೆ ಅತಿ ಹೆಚ್ಚು ವಿಶ್ರಾಂತಿ ಬೇಕಾದವನಿಗೆ ಅತಿ ಕಡಿಮೆ ಸಿಗುತ್ತದೆ, ಅದರಿಂದ ಅವನು ಇನ್ನಷ್ಟು ನಿಧಾನವಾಗುತ್ತಾನೆ, ಅಂತರ ಇನ್ನಷ್ಟು ಬೆಳೆಯುತ್ತದೆ.

ಗಿರಿಗದ್ದೆಗೆ ಮುಂದಿನವರು ತಲುಪಿದ್ದು 8.50ಕ್ಕೆ, ಕೊನೆಯವರು 9.20ಕ್ಕೆ. ಚಾರಣಿಗರೆಲ್ಲರೂ ಬಲ್ಲ ಭಟ್ಟರ ಮನೆಯಲ್ಲಿ ಮೊದಲೇ ಹೇಳಿ ತಿಂಡಿಯ ವ್ಯವಸ್ಥೆ ಮಾಡಿಕೊಂಡಿದ್ದೆವು. ಕಾಡಿನ ನಡುವಿನ ಆ ಮನೆ ಈ ಬೆಟ್ಟದ ಚಾರಣಕ್ಕೆ ಎಷ್ಟು ಆಧಾರವಾಗಿದೆಯೆಂದರೆ, ಅದಿಲ್ಲದ ಕುಮಾರ ಪರ್ವತವನ್ನು ಊಹಿಸುವುದು ನನಗೆ ಕಷ್ಟ. ಮುಂದಿನವರು ಹೊಟ್ಟೆ ತುಂಬ ತಿಂದು, ಜಗಲಿಯಲ್ಲಿ ಕಾಲು ಚಾಚಿ ಕುಳಿತಿದ್ದರು. ಬ್ಯಾಂಕಿನ ಗೆಳೆಯ ಬಂದ, ಎರಡು ತುತ್ತು ತಿಂದ, ಸೇರುತ್ತಿಲ್ಲ ಎಂದ. 9.40ಕ್ಕೆ ಹೊರಟೆವು. ಹೊರಟ ಕ್ಷಣದಿಂದ ಅಲ್ಲಿಯವರೆಗೆ ಮುಂದಿನವರಿಗೆ ದಕ್ಕಿದ ವಿಶ್ರಾಂತಿ ಸುಮಾರು 80 ನಿಮಿಷ, ಅವನಿಗೆ 28. ದೂರ ಮಾತ್ರ ಎಲ್ಲರಿಗೂ ಒಂದೇ.

ಅರಣ್ಯ ಇಲಾಖೆಯ ತಪಾಸಣಾ ಠಾಣೆಯಲ್ಲಿ ಗುರುತಿನ ಚೀಟಿ, ಚೀಲದಲ್ಲಿನ ಪ್ಲಾಸ್ಟಿಕ್ಕಿನ ಲೆಕ್ಕ ಮುಗಿಸಿ ಹೊರಟಾಗ 10.15. ಅಲ್ಲಿಂದ ಮುಂದೆ ಕಾಡು ಮುಗಿದು ಬೋಳು ಹುಲ್ಲುಗುಡ್ಡಗಳು ಶುರುವಾಗುತ್ತವೆ. ಕಣ್ಣಿಗೆ ಈ ಭಾಗದಷ್ಟು ಸುಂದರವಾದದ್ದು ಇಡೀ ದಾರಿಯಲ್ಲಿ ಇನ್ನೊಂದಿಲ್ಲ. ಒಂದರ ಹಿಂದೆ ಒಂದು ಏಣು, ಅವುಗಳ ಸಂದಿನಲ್ಲಿ ಶೋಲಾ ಕಾಡಿನ ಕಪ್ಪು ತೇಪೆ, ಕೆಳಗೆ ಕುಕ್ಕೆಯ ಕಣಿವೆ. ಆದರೆ ಮೈಗೆ ನೆರಳಿಲ್ಲ. ಎತ್ತರ ಹೆಚ್ಚಿದಂತೆ ಗಾಳಿ ತಣ್ಣಗಾಗುತ್ತದೆ, ಸಾವಿರ ಮೀಟರಿಗೆ ಆರೇಳು ಡಿಗ್ರಿಯಷ್ಟು. ಆ ತಂಪು ಮೋಸದ್ದು. ಬೆವರು ತಕ್ಷಣ ಆರಿಹೋಗುವುದರಿಂದ ನೀರು ಕಳೆದುಕೊಳ್ಳುತ್ತಿರುವುದು ತಿಳಿಯುವುದಿಲ್ಲ.

ಕಲ್ಲು ಮಂಟಪದಲ್ಲಿ ಮತ್ತೆ ಅದೇ ಕಥೆ. ಮುಂದಿನವರು 11.10, ಕೊನೆಯವರು 11.40, ಹೊರಟದ್ದು 11.45. ಅಲ್ಲಿಂದ ಶೇಷ ಪರ್ವತದ ಏರು ನೆಟ್ಟಗೆ ನಿಂತಿದೆ. 12.15ಕ್ಕೆ ಬ್ಯಾಂಕಿನ ಗೆಳೆಯ ದಾರಿಯ ಪಕ್ಕದ ಹುಲ್ಲಿನಲ್ಲಿ ಕುಳಿತುಬಿಟ್ಟ.

ಹುಲ್ಲಿನ ಮೇಲಿನ ಮುಕ್ಕಾಲು ಗಂಟೆ

ಕೊಡೆಯವನಿಗೆ ಮೊದಲು ಅನುಮಾನ ಬಂದದ್ದು ಅವನು ಕುಳಿತದ್ದರಿಂದ ಅಲ್ಲ, ಬಿಸ್ಕತ್ತಿನ ಪೊಟ್ಟಣದಿಂದ. ಅವನು ಗ್ಲೂಕೋಸ್ ಬಿಸ್ಕತ್ತಿನ ಪೊಟ್ಟಣವನ್ನು ಕೈಯಿಂದ ಹರಿಯಲು ನೋಡಿದ, ಆಗಲಿಲ್ಲ. ಹಲ್ಲಿನಿಂದ ಕಚ್ಚಿದ, ಆಗಲಿಲ್ಲ. ಮತ್ತೆ ಕೈಯಿಂದ ಅದೇ ಮೂಲೆಯನ್ನು ಎಳೆಯುತ್ತ ಕುಳಿತ. ಬೆರಳುಗಳು ಸಣ್ಣಗೆ ನಡುಗುತ್ತಿದ್ದವು. ಅಂಗಿಯ ಬೆನ್ನಿನಲ್ಲಿ ಚೀಲದ ಪಟ್ಟಿಯ ಗುಂಟ ಉಪ್ಪು ಬೆಳ್ಳಗೆ ಗೆರೆ ಕಟ್ಟಿತ್ತು. ಅರ್ಧ ಗಂಟೆಯಿಂದ ಅವನು ಮಾತನ್ನೇ ಆಡಿರಲಿಲ್ಲ. ಕೊಡೆಯವನು ಕೂಗು ಹಾಕಿದ. ಅವರಿಗಿಂತ ಸ್ವಲ್ಪ ಮೇಲಿದ್ದ ಔಷಧ ಅಂಗಡಿಯ ಗೆಳತಿ ಮತ್ತು ನಾನು ಕೆಳಗಿಳಿದು ಬಂದೆವು.

ಗೆಳತಿ ಕೇಳಿದ ಮೊದಲ ಪ್ರಶ್ನೆ ನನಗೆ ಈಗಲೂ ಕಿವಿಯಲ್ಲಿದೆ: "ಬೆಳಿಗ್ಗೆಯಿಂದ ಮೂತ್ರಕ್ಕೆ ಎಷ್ಟು ಸಲ ಹೋಗಿದ್ದೀಯ?" ಒಮ್ಮೆಯೂ ಇಲ್ಲ ಎಂದ. ಎರಡನೆಯದಾಗಿ ಅವನ ಬಾಟಲಿಗಳನ್ನು ಎತ್ತಿ ನೋಡಿದಳು. ಹೊತ್ತು ತಂದ ಎರಡು ಲೀಟರಿನಲ್ಲಿ ಒಂದೂವರೆ ಲೀಟರಿನಷ್ಟು ಹಾಗೆಯೇ ಇತ್ತು. ಮೂರನೆಯದಾಗಿ ಇವತ್ತು ಯಾವ ವಾರ, ಎಲ್ಲಿದ್ದೇವೆ, ಬೆಳಿಗ್ಗೆ ತಿಂಡಿ ಎಲ್ಲಿ ತಿಂದೆ ಎಂದು ವಿಚಾರಿಸಿದಳು. ಮೂರಕ್ಕೂ ಸರಿಯಾದ ಉತ್ತರ ಬಂತು. ಈ ಮೂರನೆಯ ಪರೀಕ್ಷೆಯ ಮಹತ್ವ ಚಾರಣಕ್ಕೆ ಹೋಗುವ ಎಲ್ಲರಿಗೂ ತಿಳಿದಿರಬೇಕು. ತಲೆನೋವು, ವಾಕರಿಕೆ, ಸ್ನಾಯು ಸೆಳೆತ, ಬಿಳಿಚಿದ ಮುಖ, ಒದ್ದೆ ಚರ್ಮ ಇವೆಲ್ಲ ಶಾಖದ ಬಳಲಿಕೆಯ ಲಕ್ಷಣಗಳು. ನೆರಳು, ನೀರು, ಉಪ್ಪು, ವಿಶ್ರಾಂತಿ ಸಿಕ್ಕರೆ ಮನುಷ್ಯ ಚೇತರಿಸಿಕೊಳ್ಳುತ್ತಾನೆ. ಮಾತು ತಡವರಿಸಿದರೆ, ಗೊಂದಲಗೊಂಡರೆ, ಮೈ ಕೆಂಡದಂತೆ ಸುಟ್ಟರೆ ಅದು ಶಾಖಾಘಾತ. ದೇಹದ ಒಳಗಿನ ಉಷ್ಣತೆ 40 ಡಿಗ್ರಿ ದಾಟಿರುತ್ತದೆ. ಆಗ ಇದ್ದಬದ್ದ ನೀರನ್ನೆಲ್ಲ ಮೈಮೇಲೆ ಸುರಿದು, ಗಾಳಿ ಹಾಕಿ ತಣಿಸಬೇಕು, ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಶೇಷ ಪರ್ವತದಿಂದ ಹೊತ್ತು ಇಳಿಸುವುದೆಂದರೆ ಏನೆಂದು ಆ ದಾರಿಯಲ್ಲಿ ನಡೆದವರಿಗೆ ಗೊತ್ತು.

ನೆರಳಿಗೆ ಒಂದು ಪೊದೆಯೂ ಇರಲಿಲ್ಲ. ಕೊಡೆ ಬಿಚ್ಚಿತು. ಬೆಳಿಗ್ಗೆಯಿಂದ ಎಲ್ಲರೂ ನಕ್ಕಿದ್ದ ಆ ಕಪ್ಪು ಬಟ್ಟೆಯಡಿಯಲ್ಲಿ ಅವನನ್ನು ಮಲಗಿಸಿ, ಕಾಲನ್ನು ಚೀಲದ ಮೇಲೆ ಎತ್ತಿಟ್ಟು, ಶೂ ಸಡಿಲಿಸಿ, ಒದ್ದೆ ಟವೆಲನ್ನು ಕತ್ತಿಗೆ ಹಾಕಿದೆವು. ಓ.ಆರ್.ಎಸ್. ಪೊಟ್ಟಣವನ್ನು ಪೂರ್ತಿ ಒಂದು ಲೀಟರ್ ನೀರಿಗೆ ಕಲಸಿದ್ದೂ ಅವಳೇ. ಅರ್ಧ ಬಾಟಲಿಗೆ ಹಾಕಿದರೆ ಗಟ್ಟಿಯಾಗಿ ಬೇಗ ಗುಣವಾಗುತ್ತದೆ ಎಂದು ಯಾರೋ ಹೇಳಿದ್ದಕ್ಕೆ ಗದರಿದಳು. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಂತೆ ಒಂದು ಲೀಟರಿಗೆ 13.5 ಗ್ರಾಂ ಗ್ಲೂಕೋಸ್, 2.6 ಗ್ರಾಂ ಉಪ್ಪು, ಜೊತೆಗೆ ಸ್ವಲ್ಪ ಪೊಟ್ಯಾಸಿಯಂ ಮತ್ತು ಸಿಟ್ರೇಟ್ ಇರಬೇಕು. ಕರುಳು ಗ್ಲೂಕೋಸನ್ನೂ ಸೋಡಿಯಮ್ಮನ್ನೂ ಜೊತೆಜೊತೆಯಾಗಿ ಹೀರುತ್ತದೆ, ಅವುಗಳ ಹಿಂದೆ ನೀರು ಹೋಗುತ್ತದೆ. ಪ್ರಮಾಣ ಗಟ್ಟಿಯಾದರೆ ಆ ದ್ರಾವಣವೇ ಕರುಳಿಗೆ ನೀರನ್ನು ಎಳೆದುಕೊಳ್ಳುತ್ತದೆ. ಒಂದೇ ಸಲ ಗಟಗಟ ಕುಡಿಸಲಿಲ್ಲ, ವಾಂತಿಯಾಗುತ್ತಿತ್ತು. ಒಂದೊಂದು ಗುಟುಕು, ನಡುವೆ ಬಿಡುವು. ಇಪ್ಪತ್ತು ನಿಮಿಷಕ್ಕೆ ಬೆರಳಿನ ನಡುಕ ನಿಂತಿತು. ಅರ್ಧ ಗಂಟೆಗೆ ಅವನೇ ಬಿಸ್ಕತ್ತು ಕೇಳಿದ.

ಒಂದು ಗಂಟೆಯ ವಾದ

12.20ಕ್ಕೇ ಶೇಷ ಪರ್ವತದ ನೆತ್ತಿ ಮುಟ್ಟಿದ್ದ ಮುಂದಿನವರು, ಹಿಂದೆ ಯಾರೂ ಬಾರದ್ದನ್ನು ನೋಡಿ 12.45ರ ಹೊತ್ತಿಗೆ ಕೆಳಗಿಳಿದು ಬಂದರು. ಮೊಬೈಲ್ ಸಿಗ್ನಲ್ ಇರಲಿಲ್ಲ. ಅವರಾಗಿ ಇಳಿದು ಬಾರದಿದ್ದರೆ ನಾವು ಯಾರನ್ನಾದರೂ ಮೇಲಕ್ಕೆ ಅಟ್ಟಬೇಕಿತ್ತು.

ಕುಳಿತವನು ಹೇಳಿದ: ನೀವೆಲ್ಲ ಹೋಗಿ ಬನ್ನಿ, ನಾನು ಇಲ್ಲಿಯೇ ಇರುತ್ತೇನೆ. ಎಲ್ಲ ಗುಂಪುಗಳಲ್ಲಿಯೂ ದಣಿದವನು ಹೇಳುವ ಮಾತು ಇದು. ಅದನ್ನು ಒಪ್ಪಿಗೆ ಎಂದು ತಿಳಿಯಬಾರದು. ಅವನ ಬಾಯಿಂದ ಮಾತಾಡುತ್ತಿರುವುದು ಸಂಕೋಚ.

ಓಟಗಾರನ ವಾದ ಬೇರೆ ಬಗೆಯದು, ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಶಿಖರಕ್ಕೆ ಇನ್ನು ಒಂದೂವರೆ ಕಿಲೋಮೀಟರಿನ ಆಸುಪಾಸು. ತಾನೊಬ್ಬನೇ ಹೋದರೆ ಒಂದೂ ಮುಕ್ಕಾಲು ಗಂಟೆಯಲ್ಲಿ ಇದೇ ಜಾಗಕ್ಕೆ ವಾಪಸು. ನಿಧಾನವಾಗಿ ಇಳಿಯುವ ಗುಂಪನ್ನು ತಪಾಸಣಾ ಠಾಣೆಗೆ ಮೊದಲೇ ಕೂಡಿಕೊಳ್ಳಬಲ್ಲೆ. ಯಾರಿಗೂ ತಡವಾಗುವುದಿಲ್ಲ, ಯಾರೂ ಒಬ್ಬಂಟಿಯಾಗುವುದಿಲ್ಲ, ತನ್ನನ್ನು ಬಿಟ್ಟು. ಲೆಕ್ಕ ಸರಿಯಾಗಿಯೇ ಇತ್ತು. ಅವನ ಕಾಲಿಗೆ ಆ ಶಕ್ತಿಯೂ ಇತ್ತು.

ಅದನ್ನು ಬೇಡವೆಂದದ್ದು ಗುಂಪಿನಲ್ಲಿದ್ದ ಉಪನ್ಯಾಸಕಿ ಗೆಳತಿ, ಮುಂದಿನ ತಂಡದವಳೇ. ಅವಳ ಮಾತಿನ ಸಾರ ಇಷ್ಟು. ಶೇಷ ಪರ್ವತದ ಆಚೆ ಕಾಡು, ಅದರ ಆಚೆ ನೀರು ಜಿನುಗುವ ಜಾರುಬಂಡೆಯ ಏರು. ಅಲ್ಲಿ ಇವನ ಕಾಲು ಉಳುಕಿತು ಎಂದುಕೊಳ್ಳಿ. ನಮಗೆ ಅದು ತಿಳಿಯುವುದು ಇವನು ಬರಬೇಕಾದ ಹೊತ್ತು ಮೀರಿದ ಮೇಲೆ, ಅಂದರೆ ಮೂರು ಗಂಟೆಗೆ, ನಾವು ಠಾಣೆಯ ಹತ್ತಿರ ಇರುವಾಗ. ಅಲ್ಲಿಂದ ಮತ್ತೆ ಮೇಲೆ ಹತ್ತಬೇಕು, ಕತ್ತಲಾಗುತ್ತದೆ. ಒಬ್ಬ ಚೇತರಿಸಿಕೊಳ್ಳುತ್ತಿರುವವನು ಒಂದು ಕಡೆ, ಕಾಣೆಯಾದವನು ಇನ್ನೊಂದು ಕಡೆ, ನಡುವೆ ಆರು ಮಂದಿ. ಕಾಲು ಉಳುಕುವ ಸಂಭವ ಸಣ್ಣದು, ಒಪ್ಪುತ್ತೇನೆ. ಆದರೆ ಬೆಳಿಗ್ಗೆ ಆರು ಗಂಟೆಗೆ ಬ್ಯಾಂಕಿನ ಗೆಳೆಯ ಹೀಗೆ ಕುಳಿತುಕೊಳ್ಳುವ ಸಂಭವವೂ ಸಣ್ಣದೇ ಆಗಿತ್ತು.

ಗಂಟೆ ಒಂದಾಯಿತು. ಯಾರೂ ಮತಕ್ಕೆ ಹಾಕಲಿಲ್ಲ, ಯಾರೂ ನಾಯಕತ್ವ ವಹಿಸಲಿಲ್ಲ. ಒಂದು ಗಂಟೆ ಎಂಬುದು ಮೊದಲೇ ಇತ್ತು, ಅದು ಬಂತು. ಓಟಗಾರ ಮುಖ ಬಿಗಿದುಕೊಂಡ, ಆದರೆ ಕುಸಿದವನ ಚೀಲವನ್ನು ಎತ್ತಿ ಎದೆಯ ಕಡೆಗೆ ಹಾಕಿಕೊಂಡವನೂ ಅವನೇ. ಬೆಟ್ಟದ ಮೇಲೆ ಕುಳಿತು ಹಿಂದಿರುಗುವ ಹೊತ್ತನ್ನು ತೀರ್ಮಾನಿಸಲು ಹೊರಟಿದ್ದರೆ ನಾವು ಒಂದೂವರೆಯವರೆಗೆ ವಾದಿಸುತ್ತಿದ್ದೆವು ಎಂಬುದರಲ್ಲಿ ನನಗೆ ಸಂದೇಹವಿಲ್ಲ. ತುದಿ ಕಣ್ಣಿಗೆ ಬಿದ್ದ ಮೇಲೆ ಮನುಷ್ಯನ ಲೆಕ್ಕ ತುದಿಯ ಕಡೆಗೇ ವಾಲುತ್ತದೆ.

ಇಳಿಯುವಾಗಿನ ಸಾಲು

ಇಳಿಯುವಾಗ ಸಾಲು ಬದಲಾಯಿತು. ಮೊದಲಿಗೆ ಕೊಡೆಯವನು, ಎರಡನೆಯವನಾಗಿ ಬ್ಯಾಂಕಿನ ಗೆಳೆಯ, ಅವನ ಹಿಂದೆ ಔಷಧ ಅಂಗಡಿಯ ಗೆಳತಿ, ಎಲ್ಲರಿಗಿಂತ ಕೊನೆಗೆ ಓಟಗಾರ. ಎರಡನೆಯವನ ನಡಿಗೆಯೇ ಗುಂಪಿನ ನಡಿಗೆ. ನಿಂತರೆ ಹತ್ತು ನಿಮಿಷ. ಆ ಹತ್ತು ನಿಮಿಷ ಶುರುವಾಗುವುದು ಕೊನೆಯವನು ಕುಳಿತ ಮೇಲೆ. ಪ್ರತಿ ನಿಲುಗಡೆಯಲ್ಲಿ ಎಲ್ಲರೂ ಕುಡಿಯಬೇಕು, ಬಾಯಾರಿಕೆ ಇರಲಿ, ಇಲ್ಲದಿರಲಿ.

ಫಲಿತಾಂಶವನ್ನು ಫೋಟೋಗಳೇ ಹೇಳುತ್ತವೆ. ಕಲ್ಲು ಮಂಟಪಕ್ಕೆ 1.50ಕ್ಕೆ ತಲುಪಿದಾಗ ಮೊದಲಿಗ ಮತ್ತು ಕೊನೆಯವನ ನಡುವಿನ ಅಂತರ ಎರಡು ನಿಮಿಷ. ಏರುವಾಗ ಅದೇ ಜಾಗದಲ್ಲಿ ಮೂವತ್ತು ನಿಮಿಷವಿತ್ತು. ಠಾಣೆ 3.05, ಗಿರಿಗದ್ದೆ 3.20. ಅಲ್ಲಿ ಉಪ್ಪು ಹಾಕಿದ ಮಜ್ಜಿಗೆ ಎರಡು ಲೋಟ ಕುಡಿದು, ಅನ್ನ ಉಂಡ ಮೇಲೆ ಅವನಿಗೆ ಮೂತ್ರ ಬಂತು. ಗೆಳತಿ ಬಣ್ಣ ಕೇಳಿದಳು, ಕಡು ಹಳದಿ ಎಂದ. ಇನ್ನೂ ಒಂದು ಬಾಟಲಿ ಕುಡಿಸಿಯೇ ಎಬ್ಬಿಸಿದಳು.

3.45ಕ್ಕೆ ಕಾಡು ಹೊಕ್ಕೆವು. ಇಳಿತದಲ್ಲಿ ಎಲ್ಲರ ತೊಡೆಗಳೂ ಮಾತಾಡಲು ಶುರುಮಾಡಿದವು. ಏರುವಾಗ ತೊಡೆಯ ಸ್ನಾಯು ಕುಗ್ಗುತ್ತ ಕೆಲಸ ಮಾಡುತ್ತದೆ. ಇಳಿಯುವಾಗ ಹಿಗ್ಗುತ್ತಲೇ ಭಾರ ತಡೆಯಬೇಕು, ಅದರಿಂದ ಎಳೆಗಳು ಹೆಚ್ಚು ನೋಯುತ್ತವೆ. ಮೆಟ್ಟಿಲು ಹತ್ತಿ ಅಭ್ಯಾಸ ಮಾಡುವವರು ಇಳಿಯುವಾಗ ಲಿಫ್ಟ್ ಹಿಡಿದರೆ ಅರ್ಧ ತಯಾರಿಯಷ್ಟೇ ಆಗುವುದು ಇದಕ್ಕೇ. ಬ್ಯಾಂಕಿನ ಗೆಳೆಯ ಎರಡು ತಿಂಗಳು ಇಳಿಯುವುದನ್ನೂ ಅಭ್ಯಾಸ ಮಾಡಿದ್ದ. ಕಾಡಿನ ಇಳಿತದಲ್ಲಿ ಅವನ ಮೊಣಕಾಲು ನಮ್ಮಲ್ಲಿ ಹಲವರಿಗಿಂತ ಗಟ್ಟಿಯಾಗಿತ್ತು. ಅವನು ದುರ್ಬಲನಾಗಿದ್ದ ಎಂದು ಹೇಳುವವರಿಗೆ ನಾನು ತೋರಿಸುವುದು ಈ ಎರಡು ಗಂಟೆಗಳನ್ನು.

ಮರಗಳಡಿ ಐದೂವರೆಗೇ ಕತ್ತಲು. ಹೊರಗೆ ಬೆಳಕಿದ್ದರೂ ಒಳಗೆ ಬೇರು–ಕಲ್ಲು ಬೇರೆಯಾಗಿ ಕಾಣುವುದಿಲ್ಲ. ಟಾರ್ಚ್ ಹಚ್ಚಿ ಸಾಲು ಬಿಡದೆ ನಡೆದು 6.05ಕ್ಕೆ ಕಾಡಿನ ಅಂಚು ಮುಟ್ಟಿದೆವು. ಒಂದು ಗಂಟೆಯ ಬದಲು ಎರಡಕ್ಕೆ ತಿರುಗಿದ್ದರೆ ಆ ಬೇರುಗಳ ಮೇಲೆ ಪೂರ್ತಿ ಒಂದು ಗಂಟೆ ಕಗ್ಗತ್ತಲಿನಲ್ಲಿ ಇಳಿಯಬೇಕಾಗುತ್ತಿತ್ತು.

ತಿರುಗಿ ನೋಡಿದಾಗ

ಈ ಪ್ರಕರಣವನ್ನು ಕೇಳಿದವರೆಲ್ಲ ಒಂದು ಗಂಟೆಯ ತೀರ್ಮಾನವನ್ನೇ ಮೆಚ್ಚುತ್ತಾರೆ. ಅದು ಸರಿಯಾದ ತೀರ್ಮಾನ, ಅದರಲ್ಲಿ ಎರಡು ಮಾತಿಲ್ಲ. ಆದರೆ ನನ್ನ ಲೆಕ್ಕದಲ್ಲಿ ನಿಜವಾದ ತಿರುವು ಇದ್ದದ್ದು ಶೇಷ ಪರ್ವತದಲ್ಲಿ ಅಲ್ಲ, ಗಿರಿಗದ್ದೆಯ ಜಗಲಿಯಲ್ಲಿ. 9.20ಕ್ಕೆ ಎಲ್ಲ ಸಾಕ್ಷ್ಯವೂ ಅಲ್ಲಿಯೇ ಇತ್ತು: ರಾತ್ರಿ ನಿದ್ದೆಯಿಲ್ಲ, ಎರಡು ವಾಂತಿ, ಸೇರದ ತಿಂಡಿ, ತುಂಬಿಯೇ ಇದ್ದ ಬಾಟಲಿ, ಅರ್ಧ ಗಂಟೆಯ ಅಂತರ. ಮೂತ್ರದ ಪ್ರಶ್ನೆಯನ್ನು ಆ ಜಗಲಿಯಲ್ಲಿ ಕೇಳಿದ್ದರೆ, ಒಂದು ಲೀಟರ್ ಓ.ಆರ್.ಎಸ್. ಅಲ್ಲಿಯೇ ಇಳಿದು, ಅರ್ಧ ಗಂಟೆ ತಡವಾಗಿ ಹೊರಟು, ಬಹುಶಃ ಎಂಟೂ ಮಂದಿ ಶೇಷ ಪರ್ವತದ ನೆತ್ತಿ ನೋಡುತ್ತಿದ್ದೆವು. ಅಲ್ಲಿ ನೆರಳಿತ್ತು, ನೀರಿತ್ತು, ಅನ್ನವಿತ್ತು, ಹಾಸಲು ಚಾಪೆಯಿತ್ತು. ಚಿಕಿತ್ಸೆ ನಡೆದದ್ದು ಮಾತ್ರ ಇವೊಂದೂ ಇಲ್ಲದ ಜಾಗದಲ್ಲಿ.

ಓಟಗಾರನಿಗೆ ಈ ವಿಶ್ಲೇಷಣೆ ಪೂರ್ತಿ ಒಪ್ಪಿಗೆಯಿಲ್ಲ. ಮುಂದಿನವರು ತಮ್ಮ ಸಹಜ ನಡಿಗೆ ಬಿಟ್ಟು ನಿಧಾನವಾಗಿ ನಡೆದರೆ ಅವರಿಗೂ ದಣಿವೇ ಎನ್ನುತ್ತಾನೆ. ಅದರಲ್ಲಿ ಸತ್ಯವಿದೆ. ದೊಡ್ಡ ಹೆಜ್ಜೆಯವನಿಗೆ ಸಣ್ಣ ಹೆಜ್ಜೆ ಹಿಂಸೆಯೇ. ಅದಕ್ಕೆ ನನ್ನ ಉತ್ತರ, ಅಂತಹ ಇಬ್ಬರು ಬೇರೆ ದಿನ ಬೇರೆ ಅನುಮತಿ ಪಡೆದು ಹತ್ತಲಿ. ಗುಂಪು ಎಂದು ಹೊರಟ ಮೇಲೆ ನಡಿಗೆಯೂ ಗುಂಪಿನದೇ ಆಗಬೇಕು.

ಬ್ಯಾಂಕಿನ ಗೆಳೆಯ ಊರಿಗೆ ಮರಳಿ ವೈದ್ಯರನ್ನು ಕಂಡ. ರಕ್ತದೊತ್ತಡ, ಸಕ್ಕರೆ, ಮೂತ್ರಪಿಂಡದ ಪರೀಕ್ಷೆಗಳು ಸರಿಯಾಗಿಯೇ ಬಂದವು. ಮುಂದಿನ ಬಾರಿ ಸೋಮವಾರಪೇಟೆ ಕಡೆಯ ಬೀದಳ್ಳಿ ದಾರಿಯಿಂದ ಹತ್ತುವುದೆಂದು ಮಾತಾಗಿದೆ. ಅಲ್ಲಿ ಏರು ಶುರುವಾಗುವುದೇ ಎತ್ತರದಿಂದ, ದೂರವೂ ಕುಕ್ಕೆಯ ದಾರಿಯ ಅರ್ಧದಷ್ಟು, ಹೆಚ್ಚಿನ ಭಾಗ ಕಾಡಿನ ನೆರಳು. ಹಿಂದಿನ ರಾತ್ರಿ ಅಲ್ಲಿಯೇ ಉಳಿದು ಮಲಗುವುದು, ಮಲ್ಲಳ್ಳಿ ಜಲಪಾತವನ್ನು ಇಳಿದ ಮೇಲೆ ನೋಡುವುದು. ತಿರುಗುವ ಹೊತ್ತು ಈ ಬಾರಿ ಹನ್ನೆರಡೂವರೆ. ಓ.ಆರ್.ಎಸ್. ಪೊಟ್ಟಣ ಒಬ್ಬೊಬ್ಬರ ಚೀಲದಲ್ಲೂ ಎರಡೆರಡು. ಸಾಲಿನಲ್ಲಿ ಯಾರು ಎಲ್ಲಿ ಎಂಬುದನ್ನು ಬಸ್ ಹತ್ತುವ ಮೊದಲೇ ಬರೆದುಕೊಳ್ಳಬೇಕೆಂದು ಉಪನ್ಯಾಸಕಿ ಪಟ್ಟು ಹಿಡಿದಿದ್ದಾಳೆ, ಓಟಗಾರನೊಂದಿಗೆ ಅವಳ ವಾದ ಇನ್ನೂ ನಡೆಯುತ್ತಿದೆ.